ನಕ್ಷೆಯಲ್ಲಿ ಖಾಲಿ ಅಂತ ಬರೆದ ಜಾಗ

ಪಟ್ಟಣಗಳ ನಕ್ಷೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯ್ತು. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಖಾಲಿ ಅಂತ ಬೀದಿ ಬೀದಿ ಸುತ್ತಿ ಗುರುತು ಹಾಕಿಕೊಂಡು ಬರುತ್ತೇವೆ. ಆಮೇಲೆ ಊರು ಮುಂದೆ ಯಾವ ಕಡೆ ಬೆಳೆದರೆ ಚೆನ್ನ ಅಂತ ಕರಡು ಮಾಡಿ ಕೊಡುತ್ತೇವೆ. ನಾವು ಸರ್ಕಾರದವರಲ್ಲ. ಆದರೂ ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು ಇದ್ದರೆ ಮುಗೀತು, ಜನರ ಕಣ್ಣಿಗೆ ಎಲ್ಲರೂ ‘ಸರ್ವೆಯವರೇ’. ನಾವು ಗೋಡೆ ಮುಟ್ಟಿದರೂ ಸಾಕು, ಮನೆ ಹೋಗುತ್ತೇನೋ ಅಂತ ಅವರಿಗೆ ದಿಗಿಲು.

ತುಮಕೂರಿನ ಅಂಚಿನ ಒಂದು ಬಡಾವಣೆಯಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡಾವಣೆಯ ಹೆಸರು ಬೇಡ.

ನಾವು ಅಲ್ಲಿ ಸರ್ವೆ ಮಾಡಿದ್ದು ಆಗಸ್ಟಿನಲ್ಲಿ. ಮನೆಗಳ ಸಾಲಿನ ಹಿಂದೆ ಅರ್ಧ ಎಕರೆಯಷ್ಟು ಸರ್ಕಾರಿ ಖರಾಬು, ಅಂದರೆ ಸಾಗುವಳಿಗೆ ಬಾರದು ಅಂತ ಬಿಟ್ಟ ಜಾಗ, ಇತ್ತು. ಒಂದು ಬೇವಿನ ಮರ, ಮಂಡಿಯುದ್ದ ಪಾರ್ಥೇನಿಯಂ, ಕಟ್ಟಿಹಾಕಿದ ಎರಡು ಮೇಕೆ, ಅಷ್ಟೇ. ಉಪಗ್ರಹ ಚಿತ್ರದಲ್ಲೂ ಬಯಲೇ ಕಾಣುತ್ತಿತ್ತು. ‘ಖಾಲಿ ಜಾಗ’ ಅಂತ ಹಾಕಿದೆ. ಪಕ್ಕದಲ್ಲೇ ದೊಡ್ಡ ರಸ್ತೆ ಇದ್ದದ್ದರಿಂದ ಕರಡಿನಲ್ಲಿ ಅದಕ್ಕೆ ವಾಹನ ನಿಲುಗಡೆ ಅಂತ ಬಂತು. ಹಾಗೆ ಬರೆದವಳೂ ನಾನೇ.

ಆಮೇಲೆ ಜನರ ಅಭಿಪ್ರಾಯ ಕೇಳುವ ಸಭೆ ಇಟ್ಟೆವು. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸಮುದಾಯ ಭವನದಲ್ಲಿ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದೆವು. ಇಪ್ಪತ್ತೆರಡು ಜನ ಬಂದರು, ಅದರಲ್ಲಿ ಮೂವರು ಹೆಂಗಸರು. ಉಳಿದವರಲ್ಲಿ ಜಾಸ್ತಿ ಜನ ಅಲ್ಲಿ ಸೈಟು ಇಟ್ಟುಕೊಂಡು ಬೇರೆ ಕಡೆ ವಾಸ ಇರುವವರು. ಇಬ್ಬರು ಲೇಔಟ್ ಮಾಡುವವರೂ ಇದ್ದರು. ರಸ್ತೆ ಅಗಲ ಮಾಡಿ, ಹಳದಿ ಜಾಸ್ತಿ ಮಾಡಿ ಅಂತ ಎಲ್ಲರದೂ ಒಂದೇ ಬೇಡಿಕೆ.

ಹಳದಿ ಅಂದರೆ ವಸತಿ. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಜಾಗಕ್ಕೆ ಕೆಂಪು. ಸೈಟಿನ ವ್ಯವಹಾರ ಮಾಡುವವರಿಗೆ ಇದೆಲ್ಲ ಬಾಯಿಪಾಠ. ಹಿಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರೊಬ್ಬರು ನಕ್ಷೆಯ ಫ್ಲೆಕ್ಸ್ ಹತ್ತಿರ ಬಂದು ತುಂಬಾ ಹೊತ್ತು ನೋಡಿದರು. ‘ನೀಲಿ ಅಂದ್ರೆ ನೀರಲ್ವಾ ಮೇಡಂ? ಬಿ.ಎಚ್. ರಸ್ತೆ ಉದ್ದಕ್ಕೂ ನೀರು ನಿಲ್ಸ್ತೀರಾ?’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮತ್ತೆ ಬಾಯಿ ತೆರೆಯಲಿಲ್ಲ. ಅವತ್ತು ನಾನು ನಗಬಾರದಿತ್ತು. ಕೆಂಪು ಬಣ್ಣ ನೋಡಿ ‘ಸ್ಕೂಲು ಕೆಡವ್ತಾರಾ’ ಅಂತ ಆಮೇಲೆ ಇನ್ನೊಬ್ಬರು ಕೇಳಿದರು, ಅದೂ ನನ್ನ ಕಿವಿಯಲ್ಲಿ ಮೆಲ್ಲಗೆ.

ಸಭೆ ಮುಗಿದ ಮೇಲೆ ಭವನ ಗುಡಿಸುತ್ತಿದ್ದ ಅಕ್ಕನನ್ನು ಸುಮ್ನೆ ಕೇಳಿದೆ, ಹೆಂಗಸರು ಯಾಕೆ ಬರಲಿಲ್ಲ ಅಂತ. ‘ಹನ್ನೊಂದು ಗಂಟೆಗೆ ಯಾರು ಬತ್ತಾರೆ ಮೇಡಂ? ಗಾರ್ಮೆಂಟ್ಸ್‌ಗೆ ಹೋಗೋರು ಹೋಗವ್ರೆ. ಉಳಿದೋರು ಕೊಳಾಯಿ ತಾವ ಅವ್ರೆ, ಇವತ್ತು ನೀರು ಬಿಡೋ ದಿನ.’ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಹಂಚಿಕೆ ಆಗುವ ಲೆಕ್ಕವನ್ನು ನಮ್ಮ ವರದಿಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಯಾವ ಬೀದಿಗೆ ಯಾವ ದಿನ ನೀರು ಬಿಡುತ್ತಾರೆ ಅಂತ ಮಾತ್ರ ನೋಡಿಕೊಂಡಿರಲಿಲ್ಲ.

ಎರಡು ದಿನ ಬಿಟ್ಟು ಸಂಜೆ ಆರೂವರೆಗೆ ಒಬ್ಬಳೇ ಹೋದೆ. ಫ್ಲೆಕ್ಸ್ ಒಯ್ಯಲಿಲ್ಲ, ಒಂದು ನೋಟ್‌ಬುಕ್ ಅಷ್ಟೇ. ಜಗಲಿ ಮೇಲೆ ಐದಾರು ಜನ ಕೂತಿದ್ದರು. ಮೊದಲು ಹಳೇ ಚಾಳಿಯಂತೆ ‘ನಿಮಗೆ ಏನು ಬೇಕು’ ಅಂತ ಕೇಳಿದೆ. ಚರಂಡಿ, ಬೀದಿ ದೀಪ, ಇ-ಖಾತೆ ಅಂದರು. ಯಾವ ಊರಲ್ಲಿ ಕೇಳಿದರೂ ಬರುವುದು ಇದೇ ಉತ್ತರ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ನಕ್ಷೆಗೆ ಹಾಕಲು ಅದರಿಂದ ಏನೂ ಸಿಗಲ್ಲ. ಆಮೇಲೆ ಬೆಳಿಗ್ಗೆ ಎದ್ದಾಗಿನಿಂದ ಮಲಗೋವರೆಗೆ ಎಲ್ಲೆಲ್ಲಿ ಹೋಗ್ತೀರಾ, ಯಾವ ತಿಂಗಳಲ್ಲಿ ಏನು ಕೆಲಸ ಅಂತ ಕೇಳಿದೆ. ಆಗ ಮಾತು ಹೊರಟಿತು.

ಹುಣಸೆಹಣ್ಣು. ತುಮಕೂರು ಮಾರುಕಟ್ಟೆಗೆ ಬರುವ ಹುಣಸೆಹಣ್ಣಿನ ಬಗ್ಗೆ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆ ಬೀದಿಯ ಹೆಂಗಸರು ಹಣ್ಣು ಬಿಡಿಸುವ ಕೆಲಸ ಮಾಡುತ್ತಾರೆ. ವ್ಯಾಪಾರದವರು ಮೂಟೆ ತಂದು ಇಳಿಸಿ ಹೋಗುತ್ತಾರೆ. ಒಣಗಿಸಿ, ಓಡು ಬಡಿದು, ನಾರು ಎಳೆದು, ಬೀಜ ಕುಟ್ಟಿ ತೆಗೆದು ಕೊಟ್ಟರೆ ಕೆಜಿ ಲೆಕ್ಕದಲ್ಲಿ ಕೂಲಿ. ಮನೆಯೊಳಗೆ ಅಷ್ಟು ಜಾಗ ಎಲ್ಲಿದೆ? ಮುಂದಿನ ರಸ್ತೆಯಲ್ಲಿ ಹರಡಿದರೆ ಬೈಕುಗಳು ಹಣ್ಣಿನ ಮೇಲೇ ಹೋಗುತ್ತವೆ. ಅದಕ್ಕೇ ಆ ಹಿಂದಿನ ಬಯಲು.

ಅರವತ್ತು ದಾಟಿದ ಒಬ್ಬ ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕತ್ತಲಾಗುತ್ತಿತ್ತು. ಪಾರ್ಥೇನಿಯಂ ನಡುವೆ ಕಾಲಿನಲ್ಲೇ ಗೆರೆ ಎಳೆದು ತೋರಿಸಿದರು. ‘ಇಲ್ಲಿಂದ ಈ ಕಲ್ಲಿನವರೆಗೆ ನಮ್ದು. ಬೇವಿನ ಮರದ ತಾವ ಸಾಕಮ್ಮಂದು, ಅವಳಿಗೆ ಬಿಸಿಲು ಆಗಲ್ಲ. ಆಚೆ ಮೂಲೇಲಿ ಬೀಜ ರಾಶಿ ಹಾಕ್ತೀವಿ.’ ಮಣ್ಣಲ್ಲಿ ಅರ್ಧ ಹೂತಿದ್ದ ಒಂದು ಚಪ್ಪಟೆ ಕಲ್ಲನ್ನು ಸೆರಗಿನಲ್ಲಿ ಒರೆಸಿದರು. ನಡುವೆ ಬೊಗಸೆಯಷ್ಟು ಗುಳಿ ಬಿದ್ದಿತ್ತು. ಬೀಜ ಕುಟ್ಟಿ ಕುಟ್ಟಿ ಆದದ್ದು. ಸರ್ವೆ ದಿನ ನಾನು ಅದೇ ಕಲ್ಲಿನ ಮೇಲೆ ನಿಂತು ಫೋಟೋ ತೆಗೆದಿದ್ದೆ.

‘ಖಾಲಿ ಅಂತ ಬರ್ಕೊಂಡಿದ್ದೀಯಾ? ಶಿವರಾತ್ರಿ ಕಳೆದ ಮೇಲೆ ಬಾರಮ್ಮ, ಕಾಲಿಡಾಕೆ ಜಾಗ ಇರಲ್ಲ’ ಅಂದರು.

ಆಫೀಸಿಗೆ ಬಂದು ಹೇಳಿದರೆ ನಮ್ಮ ಬಾಸ್ ಕೇಳಿದ್ದು ಒಂದೇ ಪ್ರಶ್ನೆ: ‘ಹುಣಸೆಹಣ್ಣಿಗೆ ಯಾವ ಬಣ್ಣ ಹಾಕ್ತೀಯಾ?’ ತಮಾಷೆಗೆ ಕೇಳಿದ್ದಲ್ಲ. ನಿಜವಾಗಲೂ ಅದಕ್ಕೆ ಬಣ್ಣ ಇಲ್ಲ. ಹಸಿರು ಹಾಕಬಹುದು, ಉದ್ಯಾನ ಮತ್ತು ಬಯಲು ಜಾಗ ಅಂತ. ಆದರೆ ಹಸಿರು ಹಾಕಿದ ಜಾಗ ನಾಳೆ ಏನಾಗುತ್ತೆ ಅಂತ ಗೊತ್ತಲ್ವಾ? ಸುತ್ತ ಗ್ರಿಲ್ ಬೇಲಿ, ಒಳಗೆ ವಾಕಿಂಗ್ ಪಾತು, ನಾಲ್ಕು ಓಪನ್ ಜಿಮ್ ಸಾಮಾನು, ಗೇಟಿಗೆ ಬೀಗ. ಪಾರ್ಕಿಂಗ್ ಆದರೂ ಹೆಂಗಸರು ಹೊರಗೆ, ಪಾರ್ಕ್ ಆದರೂ ಹೊರಗೆ. ಕೊನೆಗೆ ಹಸಿರೇ ಹಾಕಿದೆವು. ವರದಿಯಲ್ಲಿ ಬೇರೆಯಾಗಿ ಒಂದು ಪ್ಯಾರಾ ಸೇರಿಸಿದೆವು: ಬೇಲಿ ಬೇಡ, ಹುಲ್ಲುಹಾಸು ಬೇಡ, ಫೆಬ್ರವರಿಯಿಂದ ಮೇವರೆಗೆ ಹಣ್ಣು ಒಣಗಿಸಲು ಬಿಡಬೇಕು.

ಬೀದಿಯವರೆಲ್ಲ ಒಂದೇ ಮಾತು ಹೇಳಿದರು ಅಂದುಕೊಳ್ಳಬೇಡಿ. ಹುಡುಗರಿಗೆ ಕ್ರಿಕೆಟ್‌ಗೆ ಪಿಚ್ ಬೇಕಿತ್ತು. ಮೂಲೆ ಮನೆಯವರಿಗೆ ಓಡಿನ ಧೂಳಿನಿಂದ ಮಗುವಿಗೆ ಕೆಮ್ಮು ಅಂತ ಸಿಟ್ಟು. ಅದನ್ನೂ ಬರೆದೆವು. ಓಡು ಬಡಿಯುವುದು ಆಚೆ ಮೂಲೆಗೆ ಹೋಗಲಿ ಅಂತ ಅವರವರೇ ಮಾತಾಡಿಕೊಂಡರು. ಕ್ರಿಕೆಟ್ ಜಗಳ ಈಗಲೂ ಇದೆ.

ಮಾತಾಡಿದ್ದಷ್ಟೇ ಸಾಲಲ್ಲ, ಕಡತಕ್ಕೆ ಹೋಗಬೇಕು. ನಮ್ಮ ನಗರ ಯೋಜನೆಗೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಮಹಾಯೋಜನೆಯನ್ನು, ಅಂದರೆ ಊರಿನ ಮಾಸ್ಟರ್ ಪ್ಲಾನನ್ನು, ಪ್ರಕಟಿಸಿದ ಮೇಲೆ ಜನರಿಗೆ 60 ದಿನ ಸಿಗುತ್ತದೆ. ಆ 60 ದಿನದೊಳಗೆ ಆಕ್ಷೇಪಣೆಯನ್ನು ಬರವಣಿಗೆಯಲ್ಲೇ ಕೊಡಬೇಕು. ಜಗಲಿ ಮೇಲೆ ಎಷ್ಟೇ ಗಟ್ಟಿಯಾಗಿ ಹೇಳಿದರೂ ಅದು ಲೆಕ್ಕಕ್ಕಿಲ್ಲ. ಆ ಗಡುವು ತಪ್ಪಿದರೆ ಮತ್ತೆ ಪರಿಷ್ಕರಣೆ ಬರುವವರೆಗೆ ಕಾಯಬೇಕು, ಅದು ಹತ್ತು ವರ್ಷಕ್ಕೊಮ್ಮೆಯ ಮಾತು.

ಹಿಂದೆ ಬೇರೆ ಜಿಲ್ಲೆಯ ಒಂದು ಊರಲ್ಲಿ ಯಾರೋ ಪುಣ್ಯಾತ್ಮರು ಒಂದೇ ಅರ್ಜಿಯನ್ನು ನೂರಾರು ಜೆರಾಕ್ಸ್ ಮಾಡಿಸಿ ಸಹಿ ಹಾಕಿಸಿ ತಂದಿದ್ದರು. ನಮ್ಮ ಪಟ್ಟಿಯಲ್ಲಿ ಅಷ್ಟೂ ಅರ್ಜಿ ಸೇರಿ ಒಂದೇ ಸಾಲಾಯಿತು. ಅದಕ್ಕೇ ಈ ಸಲ ಒಬ್ಬೊಬ್ಬರ ಮನೆಯಲ್ಲಿ ಕೂತು ಅವರವರ ಮಾತನ್ನೇ ಬರೆದುಕೊಟ್ಟೆ. ಸರ್ವೆ ನಂಬರು, ಎಷ್ಟು ವರ್ಷದಿಂದ, ಯಾವ ತಿಂಗಳು, ಎಷ್ಟು ಜನ. ಕರಡು ಹಂತದಲ್ಲೇ ಹನ್ನೆರಡು ಅರ್ಜಿ ಹೋದವು. ಪ್ರತಿಯೊಂದಕ್ಕೂ ಸೀಲು ಹಾಕಿಸಿದ ನಕಲು ಅವರ ಕೈಗೇ ಕೊಟ್ಟೆ. ಮುಂದೆ 60 ದಿನದ ಪ್ರಕಟಣೆ ಬಂದಾಗ ಅದನ್ನೇ ಹಿಡಿದು ಮತ್ತೆ ಬರೆಯಬಹುದು.

ಇದೆಲ್ಲ ನನ್ನಂಥವಳ ಪುರುಸೊತ್ತಿನ ಮೇಲೆ ನಡೆಯಬೇಕಾದದ್ದಲ್ಲ, ನಿಜ. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು. 2011ರ ಜನಗಣತಿಯಲ್ಲಿ ತುಮಕೂರು ಮೂರು ಲಕ್ಷದ ಗೆರೆಯನ್ನು ಚೂರು ದಾಟಿತ್ತು. ನಮ್ಮ ಪಾಲಿಕೆ ಕಾಯ್ದೆಯಲ್ಲಿ ಸಮಿತಿಗೆ ನೇಮಕ ಆಗುವ ಹತ್ತು ಜನರಲ್ಲಿ ಕನಿಷ್ಠ ಮೂವರು ಹೆಂಗಸರು ಇರಬೇಕು ಅಂತಲೂ ಇದೆ. ಆ ಮೂವರಲ್ಲಿ ಒಬ್ಬರು ಹುಣಸೆ ಬಿಡಿಸುವವರಾಗಿದ್ದರೆ ನಾನು ‘ಖಾಲಿ’ ಅಂತ ಬರೆದ ದಿನವೇ ಬೈಸಿಕೊಂಡಿರುತ್ತಿದ್ದೆ.

ನಾನು ಸಾಮಾನ್ಯವಾಗಿ ಒಂದು ಊರಿನ ವರದಿ ಕೊಟ್ಟ ಮೇಲೆ ಆ ಕಡೆ ತಲೆ ಹಾಕುವವಳಲ್ಲ. ‘ಬಂದ್ರು, ಬರ್ಕೊಂಡ್ರು, ಹೋದ್ರು’ ಅಂತ ಜನ ಆಡಿಕೊಳ್ಳುವುದು ನನ್ನಂಥವರ ಬಗ್ಗೆಯೇ. ಈ ಸಲ ಮೂರು ತಿಂಗಳು ಬಿಟ್ಟು ಹೋದೆ. ಯಾವ ಅರ್ಜಿ ಏನಾಯ್ತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಜಗಲಿ ಮೇಲೆ ಓದಿದೆ. ಪಾರ್ಕಿಂಗ್ ತೆಗೆದಿದ್ದಾರೆ. ಬೇಲಿ ಬೇಡ ಅನ್ನುವುದು ಪರಿಶೀಲನೆಯಲ್ಲಿದೆ.

‘ಪರಿಶೀಲನೆ ಅಂದ್ರೆ ಹೂಂ ಅಂತಾನಾ, ಊಹೂಂ ಅಂತಾನಾ?’ ಅಂದರು ಆ ಅಮ್ಮ.

ಗೊತ್ತಿಲ್ಲ ಅಂದೆ.

‘ಹಂಗಾದ್ರೆ ಕೆಳಗೆ ಬರ್ಕೋ, ನಾವು ಕೇಳ್ತಾನೇ ಇದ್ದೀವಿ ಅಂತ.’

ತಾರೀಕು ಹಾಕಿ ಬರೆದುಕೊಂಡೆ. ಆ ಹಾಳೆ ಈಗ ಕಡತದಲ್ಲಿದೆ.