ಹಳೆ ಹಾರ್ಮೋನಿಯಂ ರಿಪೇರಿಗೆ ಯೋಗ್ಯವೇ?

ಕಾರವಾರ, ಕುಮಟಾದ ಉಪ್ಪುಗಾಳಿ ಕುಡಿದ ಹಾರ್ಮೋನಿಯಂ ಅನ್ನು ಪಾಲಿಶ್ ನೋಡಿ ಅಳೆಯಬೇಡಿ. ತಿದಿ, ಅಂದರೆ ಗಾಳಿ ಊದುವ ಮಡಿಕೆಚೀಲ, ತುಂಬಿಸಿ, ಯಾವ ಕೀಯನ್ನೂ ಒತ್ತದೆ ಬಿಡಿ. ಗಾಳಿ ಎರಡು-ಮೂರು ಸೆಕೆಂಡಿನಲ್ಲೇ ಇಳಿದರೆ ಎಲ್ಲೋ ಸೋರುತ್ತಿದೆ. ತಿದಿಯ ಮಡಿಕೆಯ ಚರ್ಮ ಹರಿದಿದ್ದರೆ ಚಿಂತೆಯಿಲ್ಲ, ಹೊಸದು ಅಂಟಿಸಬಹುದು. ರೀಡುಗಳು (ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ತೆಳು ಲೋಹದ ಪಟ್ಟಿಗಳು) ಕೂತ ಹಲಗೆಯೇ ಸೀಳಿದ್ದರೆ ಮಾತ್ರ ಖರ್ಚು ದೊಡ್ಡದು. ಗೆದ್ದಲೋ ಕೊರೆಹುಳವೋ ಒಳಹೊಕ್ಕಿದ್ದರೆ ಕೈಬಿಡಿ. ಹಿತ್ತಾಳೆ ರೀಡುಗಳನ್ನು ಮಾತ್ರ ತೆಗೆದಿಟ್ಟುಕೊಳ್ಳಿ, ಅವೇ ಅದರ ಜೀವ.

ಮಳೆಗಾಲದಲ್ಲಿ ಕೀ ಬಿಗಿಯಾಯಿತೆಂದು ಉಜ್ಜಿಸಬಾರದು. ಆಗ ಮರ ಉಬ್ಬಿರುತ್ತದೆ, ಉಜ್ಜಿಸಿದರೆ ಬೇಸಿಗೆಯಲ್ಲಿ ಕುಗ್ಗಿದಾಗ ಕೀಗಳು ಸಡಿಲವಾಗಿ ಅಲುಗಾಡುತ್ತವೆ. ಶ್ರುತಿಯ ಕೆಲಸ ಕಡೆಗೆ: ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಕೆರೆದು, ನುಡಿಸಿ, ಕೇಳಿ, ಮತ್ತೆ ಕೆರೆಯಬೇಕು. ಬಿರುಕುಬಿಟ್ಟ ರೀಡನ್ನು ಬದಲಾಯಿಸಲೇಬೇಕು.