ನೀರಿನಲ್ಲಿ ನಿಂತು ಗಾಳಿ ಕುಡಿಯುತ್ತಿದ್ದ ಪಂಪು

ಪಂಪಿನೊಳಗೆ ಸೇರಿಕೊಂಡು ಒಂಬತ್ತು ದಿನ ಕಾಡಿದ ಗಾಳಿ ಕೊನೆಗೂ ಸಿಕ್ಕಿಬಿದ್ದಿತು. ಶನಿವಾರ ಸಂಜೆಯ ಮಳೆಯಲ್ಲಿ ಪಂಪು ಐವತ್ತು ನಿಮಿಷ ಒಂದೇ ಸಮ ನೀರೆತ್ತಿತು. ಆ ಸಂತೋಷ ಆರುವ ಮುನ್ನ ಬರೆದಿಡುತ್ತಿದ್ದೇನೆ.

ರಸ್ತೆಯಲ್ಲಿ ನಿಲ್ಲುವ ಮಳೆನೀರು ಎತ್ತಿಹಾಕಲು 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ಟನ್ನು ಎರಡು ಚಕ್ರದ ಬಂಡಿಗೆ ಕೂರಿಸಿದ ಕಥೆ ಬೇಡ, ಅದು ನಿಮಗೆಲ್ಲ ಗೊತ್ತಿರುವ ಕೆಲಸ. ಕರೆಂಟ್ ಮೋಟಾರು ಏಕಲ್ಲ ಎಂದು ಕೇಳುವವರಿಗೆ ಒಂದೇ ಮಾತು: ಮೈಸೂರಿನಲ್ಲಿ ಮೇ ತಿಂಗಳ ಗುಡುಗುಮಳೆ ಶುರುವಾದರೆ ಮೊದಲು ಹೋಗುವುದೇ ಕರೆಂಟ್. ನಮ್ಮ ತಗ್ಗಿನ ಅಡ್ಡರಸ್ತೆಗೆ ಸುಮಾರು 1,500 ಚದರ ಮೀಟರ್ ತಾರಸಿ ಮತ್ತು ಕಾಂಕ್ರೀಟಿನ ನೀರು ಇಳಿಯುತ್ತದೆ. ಗಂಟೆಗೆ 40 ಮಿಲಿಮೀಟರ್ ಮಳೆ ಎಂದು ಹಿಡಿದರೆ 60,000 ಲೀಟರ್, ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 17 ಲೀಟರ್. ಪಂಪು ಇಷ್ಟನ್ನೂ ಎತ್ತಬೇಕೆಂದರೆ 200 ಲೀಟರಿನ ಡ್ರಮ್ಮು 12 ಸೆಕೆಂಡಿನಲ್ಲಿ ತುಂಬಬೇಕು.

ಮನೆಯ ಸಂಪಿನಲ್ಲಿ ಪರೀಕ್ಷಿಸಿದಾಗ ಕರಾರುವಾಕ್ಕಾಗಿ ತುಂಬಿತು. ರಸ್ತೆಯ ಮೂಲೆಯ ಗುಂಡಿಗೆ ಪೈಪು ಇಳಿಸಿದ ದಿನ ಮಾತ್ರ ನಾಲ್ಕೇ ನಿಮಿಷ. ನೀರು ಹೊರಚೆಲ್ಲುವ ಡೆಲಿವರಿ ಪೈಪು ಕೆಮ್ಮಿತು, ಉಗುಳಿತು, ಒಣಗಿತು. ಹೊರೆ ತಪ್ಪಿದ ಎಂಜಿನ್ ಕಿರುಚಿಕೊಂಡಿತು. ಮತ್ತೆ ನೀರು ತುಂಬಿ ಚಾಲೂ ಮಾಡಿದರೆ ಮತ್ತೆ ಅದೇ ಹಾಡು.

ಮೊದಲ ಅನುಮಾನ ಫುಟ್‌ವಾಲ್ವ್ ಮೇಲೆ, ಅಂದರೆ ಎಳೆದ ನೀರು ಹಿಂದಕ್ಕೆ ಇಳಿಯದಂತೆ ಪೈಪಿನ ತಳದ ಬಾಯಲ್ಲಿ ತಡೆಯುವ ಕವಾಟದ ಮೇಲೆ. ಹೊಸದಾಗಿ ಕೊಂಡದ್ದರ ರಬ್ಬರು ಓರೆಯಾಗಿ ಕುಳಿತಿತ್ತು. ಅಂಗಡಿಯವರು ಬದಲಿಸಿಕೊಡಲು ಮೂರು ದಿನ ಓಡಾಡಿಸಿದರು. ನಾಲ್ಕು ಇಂಚಿನ ಪೈಪಿಗೆ ಮೂರು ಇಂಚಿನ ಕ್ಲಾಂಪು ಕಟ್ಟಿಕೊಟ್ಟದ್ದೂ ಅವರೇ. ಮಳೆ ಯಾರಿಗೂ ‘ನಾಳೆ ಬಾ’ ಎನ್ನುವುದಿಲ್ಲ ಎಂಬುದು ಪಂಪಿನ ಸಾಮಾನು ಮಾರುವವರಿಗೇ ತಿಳಿಯದಿದ್ದರೆ ಸಿಟ್ಟು ಬಾರದೆ ಇರುತ್ತದೆಯೇ?

ಮಂಡ್ಯದ ಕಡೆಯ ಹಿರಿಯ ಪಂಪ್ ಮೆಕ್ಯಾನಿಕ್ ಒಬ್ಬರು ಬಂದು ನೋಡಿದರು. “ಸಗಣಿ ಕದಡಿದ ನೀರು ಹೊಯ್ಯಿರಿ ಸ್ವಾಮಿ, ಸಂದು ಕಟ್ಟಿಕೊಳ್ಳುತ್ತದೆ” ಎಂದರು. ಹೊಯ್ದೆವು, ನಿಂತ ಪೈಪಿನಿಂದ ನೀರು ಇಳಿಯುವುದು ನಿಂತೇ ಹೋಯಿತು. ಕಾಲುವೆ ಬಯಲಿನ ರೈತರ ಈ ಉಪಾಯಕ್ಕೆ ನನ್ನ ನಮಸ್ಕಾರ. ಆದರೆ ಓಡುವಾಗಿನ ಕೆಮ್ಮು ಹೋಗಲಿಲ್ಲ. ಹೋಗುವುದಾದರೂ ಹೇಗೆ? ಫುಟ್‌ವಾಲ್ವ್ ಸೋರಿದರೆ ಪಂಪು ನಿಂತಾಗ ನೀರು ಇಳಿಯುತ್ತದೆ. ಓಡುವಾಗ ಅದು ನೀರಿನೊಳಗೇ ಇರುತ್ತದೆ, ಗಾಳಿ ಎಲ್ಲಿಂದ ಎಳೆದೀತು? ಇದು ಹೊಳೆಯಲು ನನಗೆ ನಾಲ್ಕು ದಿನ ಬೇಕಾಯಿತು.

ಆಮೇಲೆ ಪಂಪಿಗೆ ನೀರೆಳೆಯುವ ಸಕ್ಷನ್ ಪೈಪಿನ ಕೀಲುಗಳಿಗೆಲ್ಲ ಶೇವಿಂಗ್ ನೊರೆ ಹಚ್ಚಿದೆವು. ಗಾಳಿ ಎಳೆಯುವ ಕಡೆ ನೊರೆ ಒಳಕ್ಕೆ ಹೋಗಿ ಗುಳಿ ಬೀಳುತ್ತದೆ. ಒಂದು ಕ್ಲಾಂಪಿನ ಬಳಿ ಬಿತ್ತು, ಬಿಗಿ ಮಾಡಿದೆವು. ನಾಲ್ಕು ನಿಮಿಷ ಆರಾಯಿತು, ಅಷ್ಟೇ.

ಒಂಬತ್ತನೆಯ ದಿನ ಹಗಲು ಬೆಳಕಿನಲ್ಲಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ಹೊಂಗೆಯ ಎಲೆಯೊಂದು ಪೈಪಿನ ಬಳಿ ಸುತ್ತತೊಡಗಿತು. ನಿಧಾನ, ಆಮೇಲೆ ಬಿರುಸು, ಆಮೇಲೆ ಗೊರಕೆಯಂಥ ಸದ್ದು. ಸುಳಿ! ನೀರಿನ ನಡುವೆ ಬೆರಳಿನಷ್ಟು ದಪ್ಪದ ಗಾಳಿಯ ಕೊಳವೆ ಮೇಲಿನಿಂದ ನೇರವಾಗಿ ಪೈಪಿನ ಬಾಯಿಗೆ ಇಳಿದಿತ್ತು.

ಲೆಕ್ಕ ಹಾಕಿದೆ. ನಾಲ್ಕು ಇಂಚಿನ ಬಾಯಿಯಲ್ಲಿ ಸೆಕೆಂಡಿಗೆ 17 ಲೀಟರ್ ಎಂದರೆ ವೇಗ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು. ಸುಳಿ ಏಳದಿರಲು ಬಾಯಿಯ ಮೇಲೆ ಸುಮಾರು 60 ಸೆಂಟಿಮೀಟರ್ ನೀರು ನಿಂತಿರಬೇಕು. ಸಂಪಿನಲ್ಲಿ ಅದಕ್ಕಿಂತ ಹೆಚ್ಚು ಇತ್ತು. ಗುಂಡಿಯಲ್ಲಿ 45 ಇತ್ತು, ಪಂಪು ಎಳೆದಂತೆ ಇನ್ನೂ ಕಡಿಮೆಯಾಗುತ್ತಿತ್ತು.

ಪರಿಹಾರ ಅಗಲವಾದ ಬಾಯಿ. ತಗಡಿನ ಕೆಲಸದವರಿಂದ ಎಂಟು ಇಂಚಿಗೆ ಅರಳುವ ಆಲಿಕೆ ಮಾಡಿಸಿ, ಫುಟ್‌ವಾಲ್ವ್‌ನ ಜಾಲರಿ ತೆಗೆದು ಆ ಜಾಗಕ್ಕೆ ಕೂರಿಸಿದೆವು. ಬಾಯಿ ಎರಡರಷ್ಟು ಅಗಲವಾದರೆ ಅಲ್ಲಿ ನೀರಿನ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. 37 ಸೆಂಟಿಮೀಟರ್ ನೀರು ಸಾಕು. ಮೇಲೆ ಪೈಪಿನ ಸುತ್ತ ತೂತು ಕೊರೆದ ಹಲಗೆಯೊಂದನ್ನು ತೇಲಿಬಿಟ್ಟೆವು. ಸುಳಿಗೆ ಗಾಳಿ ಸಿಗುವ ದಾರಿಯೇ ಮುಚ್ಚಿತು. ಶನಿವಾರ ನೀರು 20 ಸೆಂಟಿಮೀಟರಿಗೆ ಇಳಿದರೂ ಕೆಮ್ಮಲಿಲ್ಲ. ಬಂಡಿ ಶೆಡ್ಡಿನಿಂದ ಹೊರಟು ನೀರು ರಾಜಕಾಲುವೆಗೆ ಬೀಳುವವರೆಗೆ 18 ನಿಮಿಷ, ಹತ್ತಕ್ಕೆ ತರಬೇಕು.

ರಾಜಕಾಲುವೆ ಎಂದಾಗ ನೆನಪಾಯಿತು. ಅದು ತುಂಬಿದರೆ ಚರಂಡಿಯ ಬಾಯಿಂದಲೇ ನೀರು ಹಿಂದಕ್ಕೆ ನುಗ್ಗುತ್ತದೆ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ನಿಂತವು, ಮುಂದೆ ನಮ್ಮ ಕೃಷ್ಣರಾಜಸಾಗರಕ್ಕೂ ಬಂದವು. ಅಂಥ ಗೇಟಿನಲ್ಲಿ ಏರುವ ನೀರೇ ಬಾಗಿಲು ತೆರೆಯಿಸುತ್ತದೆ. ಚರಂಡಿಯ ಬಾಯಿಗೆ ನನಗೆ ಅದರ ತಿರುವುಮುರುವು ಬೇಕು: ನೀರು ಏರಿದರೆ ಮುಚ್ಚುವ, ಇಳಿದರೆ ತೆರೆಯುವ ಬಾಗಿಲು. ಹಳೆಯ ಡ್ರಮ್ಮಿನ ತೇಲುಬುರುಡೆ ಕತ್ತರಿಸಿ ಇಟ್ಟಾಗಿದೆ.

ಅದಕ್ಕೂ ಮೊದಲು ಆಲಿಕೆಗೆ ಕಸ ತಡೆಯುವ ಬುಟ್ಟಿ ಬೇಕು. ಶನಿವಾರ ಹಾಲಿನ ಪ್ಯಾಕೆಟ್ಟುಗಳನ್ನು ಕೋಲಿನಿಂದ ತಳ್ಳುತ್ತ ಒಬ್ಬರು ಅಲ್ಲೇ ನಿಂತಿರಬೇಕಾಯಿತು. ಬಿದಿರಿನ ಕೋಳಿಬುಟ್ಟಿಯನ್ನೇ ಬೋರಲು ಹಾಕಿ ನೋಡೋಣವೆಂದಿದ್ದೇನೆ.