ಮಳೆಗಾಲ ಮತ್ತು ಆರ್ಟ್ ಪೇಪರ್

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದರೆ ಮಡಿಕೇರಿ ಕಡೆ ಮೊದಲು ಕೆಡುವುದು ಕಾದಂಬರಿಯಲ್ಲ, ಕಲಾವಿದರಾದ ಹೆಬ್ಬಾರ್, ಹುಸೇನ್, ಅಮೃತಾ ಶೇರ್‌ಗಿಲ್ ಚಿತ್ರಗಳ ದಪ್ಪ ಪುಸ್ತಕಗಳು. ಇವು ಅಚ್ಚಾಗುವ ನುಣುಪಾದ ಆರ್ಟ್ ಪೇಪರಿಗೆ ಬಿಳಿ ಜೇಡಿಯ ಲೇಪ ಇರುತ್ತದೆ. ಒದ್ದೆಯಾಗಿ ಒತ್ತಿಕೊಂಡೇ ಒಣಗಿತೋ, ಹಾಳೆಗೆ ಹಾಳೆ ಅಂಟಿ, ಬಿಡಿಸಿದರೆ ಬಣ್ಣವೇ ಕಿತ್ತು ಬರುತ್ತದೆ. ನೀರು ತಾಗಿದ್ದು ಕಂಡ ಕೂಡಲೇ ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ಇಟ್ಟು ಫ್ಯಾನ್ ಗಾಳಿಗೆ ಬಿಡಿ. ಒಲೆ ಹತ್ತಿರ ಬೇಡವೇ ಬೇಡ, ಬೈಂಡಿನ ಗೋಂದು ಬಿಟ್ಟುಕೊಳ್ಳುತ್ತದೆ. ಕಪಾಟು ಗೋಡೆಯಿಂದ ನಾಲ್ಕು ಬೆರಳು ಈಚೆಗಿರಲಿ.

ಇಷ್ಟು ಕಾಪಾಡಿದರೂ ಮೂಲ ಚಿತ್ರವನ್ನು ಪುಸ್ತಕ ಪೂರ್ತಿ ಕೊಡುವುದಿಲ್ಲ ಅನ್ನಿ. ಹುಸೇನರ 1955ರ ‘ಜಮೀನ್’ ಚಿತ್ರ ಸುಮಾರು 18 ಅಡಿ ಉದ್ದ. ಎರಡು ಪುಟಕ್ಕೆ ಹರಡಿದರೆ ನಡುವಿನ ಆಕೃತಿ ಹೊಲಿಗೆಯೊಳಗೆ ಹೋಗುತ್ತದೆ. ಹೆಬ್ಬಾರರ ರೇಖೆಗಳಿಗೆ ಆ ಕಷ್ಟವಿಲ್ಲ, ಸಾದಾ ಕಾಗದದಲ್ಲೂ ಗೆರೆ ಗೆರೆಯಾಗಿಯೇ ಉಳಿಯುತ್ತದೆ.